ಪಂಡಿತರ ನಾಲಿಗೆ

ಪಂಡಿತರ ನಾಲಿಗೆಯ ಬಗ್ಗೆ ಆ ಬೀದಿಯಲ್ಲಿ ಎರಡು ಮಾತಿರಲಿಲ್ಲ. ಕಣ್ಣು ಮುಚ್ಚಿ ಒಂದು ಹನಿ ಕಷಾಯವನ್ನು ನಾಲಿಗೆಯ ತುದಿಗಿಟ್ಟರೆ ಸಾಕು, ಬೇರನ್ನು ಯಾವ ತಿಂಗಳಲ್ಲಿ ಅಗೆದದ್ದು, ನೆರಳಲ್ಲಿ ಒಣಗಿಸಿದ್ದೋ ಬಿಸಿಲಲ್ಲೋ, ಕುದಿಸುವವರು ನಡುವೆ ಎದ್ದುಹೋಗಿ ತಳ ಹಿಡಿಸಿದರೋ, ಎಲ್ಲವನ್ನೂ ಹೇಳಿಬಿಡುತ್ತಿದ್ದರು. ಹೇಳಿ ಸುಮ್ಮನಾಗುವ ಜಾಯಮಾನವೂ ಅವರದಲ್ಲ. ಇದು ನಾಲ್ಕು ತಲೆಮಾರಿನ ನಾಲಿಗೆ ಎಂದು ಕೇಳಿದವರಿಗೂ ಒಪ್ಪಿಸುತ್ತಿದ್ದರು, ಕೇಳದವರಿಗೂ ಒಪ್ಪಿಸುತ್ತಿದ್ದರು. ಯಾರಾದರೂ ನಿಮ್ಮ ಕೈಗುಣ ದೊಡ್ಡದು ಎಂದು ಹೊಗಳಿದರೆ, "ಕೈಯಲ್ಲೇನಿದೆ, ಎಲ್ಲಾ ನಾಲಿಗೇಲಿದೆ" ಎಂದು ತಿದ್ದುತ್ತಿದ್ದರು.

ಆ ನಾಲಿಗೆಗೆ ಮೂವತ್ತು ವರ್ಷ ಕಷಾಯ ಕುದಿಸಿ ಕೊಟ್ಟವಳು ಹೆಂಡತಿ. ಹಿಂದಿನ ಕೋಣೆಯಲ್ಲಿ ಮೂರು ಒಲೆ, ನಾಲ್ಕು ಹಂಡೆ, ಹೊಗೆಗೆ ಕಪ್ಪಾದ ಒಂದು ಕಿಟಕಿ; ಅವಳ ಸಂಸಾರವೆಲ್ಲ ಅಲ್ಲೇ ಬೆಂದಿತ್ತು. ಎಂಟು ಪಾಲು ನೀರು ಒಂದು ಪಾಲಿಗೆ ಇಳಿಯುವ ಹೊತ್ತನ್ನು ಗಡಿಯಾರ ನೋಡದೆ ವಾಸನೆಯಲ್ಲೇ ಹಿಡಿಯುತ್ತಿದ್ದಳು. ಆದರೆ ಆ ಮನೆಯಲ್ಲಿ ನಾಲಿಗೆ ಇದ್ದದ್ದು ಒಬ್ಬರಿಗೇ. ಅವಳೇನಾದರೂ ಇವತ್ತಿನ ಹದ ಯಾಕೋ ಸರಿ ಬಂದಿಲ್ಲ ಅಂದರೆ ಪಂಡಿತರು ನಗುತ್ತಿದ್ದರು. "ಸೌಟು ತಿರುವೋದು ನಿನ್ನ ಕೆಲಸ, ರುಚಿ ಹೇಳೋದು ನನ್ನ ಕೆಲಸ. ನಿನಗ್ಯಾಕೆ ಇಲ್ಲದ ಉಸಾಬರಿ?"

ಎರಡು ವರ್ಷದ ಹಿಂದೆ ಅವಳ ಕಾಲು ಊದಿಕೊಂಡಿತು. ಮೊದಮೊದಲು ಸಂಜೆಗಷ್ಟೇ, ಆಮೇಲೆ ಬೆಳಗ್ಗೆಯೂ. ಆಸ್ಪತ್ರೆಯವರು ರಕ್ತ ತೆಗೆದು, ಎರಡೂ ಕಿಡ್ನಿ ಸೊರಗುತ್ತಿವೆ, ಸೋಸುವ ಶಕ್ತಿ ನೂರಕ್ಕೆ ನಲವತ್ತು ಉಳಿದಿದೆ, ಹದಿನೈದಕ್ಕಿಂತ ಕೆಳಗೆ ಬಂದರೆ ಬದುಕಿರುವ ತನಕ ವಾರಕ್ಕೆ ಮೂರು ಸಲ ಯಂತ್ರಕ್ಕೆ ಹಾಕಬೇಕಾಗುತ್ತದೆ ಎಂದರು. ಮೂತ್ರದ ಕಾಯಿಲೆಗಳಿಗೆ ಪಂಡಿತರ ಮನೆತನದ ಮದ್ದು ಹೆಸರುವಾಸಿಯಾಗಿತ್ತು. ಕೆಂಪುಬೇರು ಎಂದು ಅವರು ಕರೆಯುತ್ತಿದ್ದ ಒಂದು ಬೇರಿನ ಕಷಾಯ. ಎರಡು ವರ್ಷ ತಪ್ಪದೆ ಕುಡಿಸಿದರು. ನಲವತ್ತು ಮೂವತ್ತಕ್ಕಿಳಿಯಿತು. "ಇದು ಕುಡೀದೇ ಇದ್ದಿದ್ರೆ ಹತ್ತಕ್ಕೆ ಬಂದಿರ್ತಿತ್ತು" ಎಂದು ಪಂಡಿತರು ಹೆಂಡತಿಗೂ ಹೇಳಿದರು, ತಮಗೂ ಹೇಳಿಕೊಂಡರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಇಲ್ಲಿ ಮದ್ದು ಮಾಡುವವರ ಮನೆಯವರಿಗೇ ಮದ್ದು ಹತ್ತಲಿಲ್ಲ ಎಂದು ಬೀದಿಯವರು ಆಡಿಕೊಂಡದ್ದು ಅವರ ಕಿವಿಗೆ ಬಿದ್ದಿತ್ತು. ಹೆಂಡತಿಯ ಕಾಲಿನ ಊತಕ್ಕಿಂತ ಆ ಮಾತೇ ಅವರನ್ನು ಹೆಚ್ಚು ಸುಟ್ಟಿತು. ಸುಳ್ಳೇಕೆ ಹೇಳಬೇಕು, ಅವರು ಅಂಥವರೇ.

ಇಲಿ ಮೇಡಂ ಬಂದದ್ದು ಅದೇ ಸಮಯಕ್ಕೆ. ಸಂಶೋಧನಾ ಕೇಂದ್ರದ ಜೀವಶಾಸ್ತ್ರಜ್ಞೆ ಆಕೆ. ಒಂದು ಕೋಣೆ ತುಂಬ ಇಲಿ ಸಾಕಿದ್ದರಿಂದ ಕಾವಲುಗಾರನಿಂದ ಹಿಡಿದು ರೋಗಿಗಳ ತನಕ ಎಲ್ಲರ ಬಾಯಲ್ಲೂ ಇಲಿ ಮೇಡಂ. ಸಣ್ಣ ಮೈ, ಗಟ್ಟಿ ದನಿ, ನಗಬೇಕಾದ ಕಡೆಯಲ್ಲೂ ನಗದ ಮುಖ. ಕೆಂಪುಬೇರನ್ನು ಇಲಿಗಳಿಗೆ ಕೊಟ್ಟು ನೋಡಿದ್ದೇನೆ, ಕೆಟ್ಟ ಕಿಡ್ನಿ ಚೇತರಿಸಿಕೊಂಡಿದೆ, ಈಗ ಮನುಷ್ಯರ ಮೇಲೆ ಪರೀಕ್ಷೆ ಮಾಡಬೇಕು, ನಿಮ್ಮ ಶಾಸ್ತ್ರ ನಮ್ಮ ವಿಜ್ಞಾನ ಎರಡೂ ಸೇರಿ ಮಾಡೋಣ, ವರದಿಯಲ್ಲಿ ನಿಮ್ಮ ಹೆಸರು ನನ್ನ ಹೆಸರಿನ ಪಕ್ಕದಲ್ಲೇ ಇರುತ್ತದೆ ಎಂದರು. ಪಂಡಿತರು ಒಂದು ನಿಮಿಷವೂ ಯೋಚಿಸಲಿಲ್ಲ. ಬೇರು ಅಗೆಯುವ ಕಾಲ ವರ್ಷಕ್ಕೆ ಒಂದೇ ಸಲ. ಆ ವರ್ಷದ ಬೇರನ್ನೆಲ್ಲ, ಮನೆಯ ಅಟ್ಟದಲ್ಲಿದ್ದ ಕೊನೆಯ ಮೂಟೆಯನ್ನೂ ಬಿಡದೆ, ಕೇಂದ್ರಕ್ಕೆ ಸಾಗಿಸಿಬಿಟ್ಟರು. ಮೇಡಂ ತಮ್ಮ ಪ್ರಯೋಗಾಲಯ ತೋರಿಸುತ್ತಾ, ಬೇರಿನ ಸಾರವನ್ನು ಹೇಗೆ ತೆಗೆಯುತ್ತೇವೆ ಎಂದು ಹಂತ ಹಂತವಾಗಿ ವಿವರಿಸಿದರು. ಪಂಡಿತರು ಅದೇ ಹೊತ್ತಿನಲ್ಲಿ ತಮ್ಮ ಮುತ್ತಾತ ಈ ಬೇರನ್ನು ಕಂಡುಹಿಡಿದ ಕಥೆಯನ್ನು ಹಂತ ಹಂತವಾಗಿ ವಿವರಿಸಿದರು. ಇಬ್ಬರೂ ಒಬ್ಬರ ಮಾತು ಒಬ್ಬರು ಕೇಳಲಿಲ್ಲ. ಇಬ್ಬರಿಗೂ ಮಾತುಕತೆ ಬಹಳ ಚೆನ್ನಾಗಿ ಆಯಿತು ಅನ್ನಿಸಿತು.

ಜಗಳ ಬಂದದ್ದು ಒಂದೇ ಕಡೆ. ರೋಗಿಗಳು ಎಂಬತ್ತು ಜನ. ಅದರಲ್ಲಿ ನಲವತ್ತು ಜನರಿಗೆ ನಿಜವಾದ ಮದ್ದು, ಉಳಿದ ನಲವತ್ತು ಜನರಿಗೆ ಅದರಂತೆಯೇ ಕಾಣುವ ಡಮ್ಮಿ. ಆರು ತಿಂಗಳು ಮುಗಿಯುವ ತನಕ ಯಾರದು ಯಾವುದು ಎಂದು ಯಾರಿಗೂ ತಿಳಿಯಬಾರದು.

"ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋ ಕೆಲಸ ಇದು" ಎಂದರು ಪಂಡಿತರು. "ಮದ್ದು ಕೇಳಿ ಬಂದೋರಿಗೆ ಡಮ್ಮಿ ಕೊಡೋದಾ?"

"ಕೊಡದಿದ್ರೆ ನಿಮ್ಮ ಮದ್ದಿಂದ ವಾಸಿ ಆಯ್ತೋ, ನಂಬಿಕೆಯಿಂದ ವಾಸಿ ಆಯ್ತೋ ಗೊತ್ತಾಗೋದು ಹೇಗೆ? ಮದ್ದು ಅಂತ ನಂಬಿ ಬರೀ ನೀರು ಕುಡಿದ್ರೂ ಎಷ್ಟೋ ಜನಕ್ಕೆ ಸ್ವಲ್ಪ ದಿನ ಹಗುರ ಅನ್ಸುತ್ತೆ, ಪಂಡಿತರೇ. ಅದಕ್ಕೆ ನಾವು ನಂಬಿಕೆಯ ಪರಿಣಾಮ ಅಂತೀವಿ."

"ಹಾಗಾದ್ರೆ ನನ್ನ ಹೆಂಡತಿಗೆ ನಿಜವಾದದ್ದೇ ಬರೋ ಹಾಗೆ ಮಾಡಿ."

"ಚೀಟಿ ಎತ್ತೋದು ಕಂಪ್ಯೂಟರ್. ಅದಕ್ಕೆ ನಿಮ್ಮ ಹೆಂಡತಿ ಯಾರು ಅಂತ ಗೊತ್ತಿಲ್ಲ. ಇನ್ನೊಂದು ಮಾತು. ಪ್ರತಿ ತಿಂಗಳ ಮೊದಲ ಸೋಮವಾರ ಸೀಸೆ ಹಂಚೋದು ನೀವೇ, ಜನ ನಿಮ್ಮನ್ನ ನಂಬ್ತಾರೆ. ಆದ್ರೆ ರುಚಿ ನೋಡಬಾರದು. ಒಂದು ಹನೀನೂ ನಾಲಿಗೆಗೆ ಹಾಕ್ಕೋಬಾರದು. ಮಾತು ಕೊಡಿ."

ಪಂಡಿತರು ಮಾತು ಕೊಟ್ಟರು. ಮನೆಗೆ ಬಂದು ಹೆಂಡತಿಗೆ ವಿಷಯ ಹೇಳಿದಾಗ ಅವಳು ಊದಿದ ಕಾಲನ್ನು ಬಕೆಟ್ಟಿನ ಮೇಲಿಟ್ಟುಕೊಂಡು ಕೂತಿದ್ದಳು. "ಸೇರಿಸಿ ಬಿಡಿ" ಎಂದಳು. "ಅರ್ಧಕ್ಕರ್ಧ ಅವಕಾಶ ಇದೆಯಲ್ಲ. ಎರಡು ವರ್ಷದಿಂದ ಅಷ್ಟೂ ಇರಲಿಲ್ಲ." ಪಂಡಿತರಿಗೆ ಆ ಮಾತು ಚುಚ್ಚಿತು. ಆದರೂ ಅವಳ ಹೆಸರು ಬರೆಸಿದರು. ಅವಳ ಸಂಖ್ಯೆ ಮೂವತ್ತೊಂದು.

ಮೊದಲ ತಿಂಗಳ ಸೀಸೆ ಮುಗಿಯುತ್ತಾ ಬಂದಾಗ ಒಂದು ಬೆಳಗ್ಗೆ ಅವಳು ಕೋಣೆಯಿಂದ ಅಡುಗೆಮನೆಗೆ ಗೋಡೆ ಹಿಡಿಯದೆ ಬಂದಳು. "ರೀ, ಇಲ್ಲಿ ನೋಡಿ. ಹಳೇ ಚಪ್ಪಲಿ ಕಾಲಿಗೆ ಹಿಡೀತಿದೆ" ಎಂದಳು. ಬೆರಳಿನಿಂದ ಮೀನಖಂಡವನ್ನು ಒತ್ತಿದರೆ ಮೊದಲಿನಷ್ಟು ಕುಳಿ ಬೀಳುತ್ತಿರಲಿಲ್ಲ. ಅವಳ ಮುಖದಲ್ಲಿ ಎರಡು ವರ್ಷದಿಂದ ಕಾಣದ ಗೆಲುವಿತ್ತು.

ಪಂಡಿತರಿಗೆ ಸಂತೋಷವಾಯಿತು. ಸಂತೋಷದಲ್ಲಿ ಸುಮ್ಮನಿರಬಾರದಿತ್ತೇ? ಸುಮ್ಮನಿರಲು ನಾಲಿಗೆ ಬಿಡಬೇಕಲ್ಲ. ಅವಳು ಸ್ನಾನಕ್ಕೆ ಹೋದಾಗ ಕಪಾಟು ತೆಗೆದು, ಕೊಟ್ಟ ಮಾತು ಮರೆತು, ಸೀಸೆಯ ಮುಚ್ಚಳಕ್ಕೆ ಅಂಟಿದ್ದ ಹನಿಯನ್ನು ನಾಲಿಗೆಗೆ ಮುಟ್ಟಿಸಿಕೊಂಡರು. ಕೆಂಪುಬೇರಿನ ಕಷಾಯ ಮೊದಲು ಒಗರು, ಆಮೇಲೆ ಕಹಿ, ಕಡೆಗೆ ನಾಲಿಗೆಯ ಬುಡದಲ್ಲಿ ಒದ್ದೆ ಮಣ್ಣಿನ ರುಚಿ. ಆ ಮಣ್ಣಿನ ರುಚಿಯೇ ಅದರ ಗುರುತು ಎಂದು ಅವರಪ್ಪ ಹೇಳಿಕೊಟ್ಟಿದ್ದರು. ಈ ಸೀಸೆಯಲ್ಲಿ ಒಗರಿತ್ತು, ಕಹಿಯಂತೂ ಬಾಯಿ ಕಿತ್ತುಹೋಗುವಷ್ಟಿತ್ತು. ಮಣ್ಣು ಇರಲಿಲ್ಲ. ಮತ್ತೊಂದು ಹನಿ ಹಾಕಿಕೊಂಡರು. ಇಲ್ಲ.

ಡಮ್ಮಿ. ಮುಚ್ಚಳ ಹಾಕಿ ಸೀಸೆಯನ್ನು ಕಪಾಟಿನಲ್ಲಿಟ್ಟರು. ಅವಳು ಸ್ನಾನ ಮುಗಿಸಿ ಬಂದು ಇನ್ನೊಂದು ಸಲ ಕಾಲು ತೋರಿಸಿದಳು. "ಹಗುರ ಅನ್ಸುತ್ತೆ ಅಷ್ಟೇ ಕಣೇ" ಎಂದರು ಪಂಡಿತರು. "ಅದಕ್ಕೆ ನಂಬಿಕೆಯ ಪರಿಣಾಮ ಅಂತಾರೆ. ವಿಜ್ಞಾನದಲ್ಲಿ ಇದೆ."

"ಊತ ಇಳಿದಿರೋದು ಕಾಲಿಂದು. ಅದಕ್ಕೆ ನಂಬಿಕೆ ಗಿಂಬಿಕೆ ಏನು ಗೊತ್ತು?" ಎಂದಳು ಅವಳು. ಪಂಡಿತರ ತಲೆಯಲ್ಲಿ ಆಗಲೇ ಬೇರೆ ಲೆಕ್ಕ ಓಡುತ್ತಿತ್ತು.

ಸೋಮವಾರ ಕೇಂದ್ರದ ಕೆಳಮಹಡಿಯಲ್ಲಿ ಸೀಸೆ ಹಂಚುವ ಕೋಣೆ ತೆಗೆದರು. ಒಂದು ಮೇಜು, ಎರಡು ಕುರ್ಚಿ, ಗೋಡೆಯುದ್ದಕ್ಕೂ ಸ್ಟೀಲಿನ ಬೀರು, ಮೂಲೆಯಲ್ಲಿ ನರ್ಸಿನ ಕರೆಂಟಿನ ಕೆಟಲು. ಬೀರುವಿನೊಳಗೆ ಒಂದೊಂದು ಸಂಖ್ಯೆಗೆ ಉಳಿದ ಐದು ತಿಂಗಳ ಐದೈದು ಸೀಸೆ, ಸಾಲಾಗಿ. ಹಂಚಿಕೆ ಶುರುವಾಗುವ ಮೊದಲು, ಮಧ್ಯಾಹ್ನ ನರ್ಸು ಊಟಕ್ಕೆ ಹೋದಾಗ ಪಂಡಿತರು ಬಾಗಿಲು ಹಾಕಿಕೊಂಡು ಒಂದೊಂದೇ ಮುಚ್ಚಳ ಬಿಚ್ಚಿ ನಾಲಿಗೆಗೆ ಮುಟ್ಟಿಸುತ್ತಾ ಹೋದರು. ಮೊದಲ ಮೂರರಲ್ಲಿ ಮಣ್ಣಿಲ್ಲ. ನಾಲ್ಕನೆಯದಾಗಿ ಕೈಗೆ ಸಿಕ್ಕದ್ದು ಐವತ್ತೆಂಟು. ಹನಿ ತಾಗಿದ ಕೂಡಲೇ ಅವರ ಕಣ್ಣು ಮುಚ್ಚಿಕೊಂಡಿತು. ಒಗರು, ಕಹಿ, ಮಣ್ಣು. ಅಪ್ಪನ ಕಾಲದ ಕಷಾಯ, ಅವರ ಮನೆಯದೇ ಕಷಾಯ. ಅವರಿಗೆ ಅಳು ಬಂತು.

ಐವತ್ತೆಂಟು ಅಂದರೆ ದರ್ಜಿ. ಮುಖ್ಯ ಬೀದಿಯಲ್ಲಿ ಅಂಗಡಿ. ಏನು ಹೊಲಿಯಲು ಕೊಟ್ಟರೂ, "ಅರ್ಧ ಇಂಚು ಬಿಟ್ಟಿರ್ತೀನಿ, ನಾಳೆ ದಪ್ಪ ಆದ್ರೆ ನನ್ನನ್ನೇ ನೆನೆಸ್ಕೋತೀರ" ಅನ್ನುತ್ತಿದ್ದ, ಹಾಗಾಗಿ ಅವನ ಹೆಸರೇ ಅರ್ಧ ಇಂಚು ಎಂದಾಗಿತ್ತು. ಕಿಡ್ನಿ ಕೆಟ್ಟು ಮುಖ ಊದಿಕೊಂಡ ಮೇಲೆ, "ಚರ್ಮದಲ್ಲೂ ದೇವರು ಅರ್ಧ ಇಂಚು ಬಿಟ್ಟಿದ್ದಾನೆ, ಪಂಡಿತರೇ, ಇಲ್ದಿದ್ರೆ ಈಗ ಹೊಲಿಗೆ ಬಿಚ್ಕೋತಿತ್ತು" ಎಂದು ನಕ್ಕಿದ್ದ. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಇನ್ನೂ ಶಾಲೆಗೆ ಹೋಗುವವರು. ಅದು ಪಂಡಿತರಿಗೆ ಗೊತ್ತಿತ್ತು. ಸೀಸೆ ಕೈಯಲ್ಲಿ ಹಿಡಿದುಕೊಂಡು ಅದನ್ನೂ ಯೋಚಿಸಿದರು. ಬಾಯಿಬಡುಕ, ಪಥ್ಯ ಮಾಡುವ ಮನುಷ್ಯನಲ್ಲ, ಹೇಗೂ ಉಳಿಯುವ ಗಿರಾಕಿಯಲ್ಲ ಎಂದು ತೀರ್ಮಾನಕ್ಕೆ ಬಂದರು. ಪಂಡಿತರ ಪರವಾಗಿ ಮಾತಾಡುವವರು ಯಾರಾದರೂ ಇದ್ದರೆ ಇಲ್ಲೇ ಮಾತಾಡಿಬಿಡಲಿ, ಮುಂದೆ ಅವಕಾಶ ಸಿಗುವುದಿಲ್ಲ. ಹೆಂಡತಿಯನ್ನು ಉಳಿಸಿಕೊಳ್ಳಲು ಹೊರಟ ಗಂಡಸು ಅನ್ನಬಹುದು. ಅದು ನಿಜವೇ. ಆದರೆ ಒಬ್ಬ ವೈದ್ಯ ಒಬ್ಬ ರೋಗಿಯ ಮದ್ದನ್ನು ಕದಿಯಲು ತೀರ್ಮಾನಿಸಿದ್ದೂ ನಿಜ.

ಕೆಟಲು ಕುದಿಸಿ, ಹಬೆಗೆ ಹಿಡಿದು, ಸೀಸೆಗೆ ಅಂಟಿಸಿದ್ದ ಸಂಖ್ಯೆಯ ಚೀಟಿಗಳನ್ನು ಹರಿಯದಂತೆ ಬಿಡಿಸಿದರು. ಮೂವತ್ತೊಂದರ ಐದು ಚೀಟಿ ಐವತ್ತೆಂಟರ ಸೀಸೆಗಳಿಗೆ ಹೋಯಿತು, ಐವತ್ತೆಂಟರದು ಮೂವತ್ತೊಂದಕ್ಕೆ ಬಂತು. ಚೂರ್ಣದ ಪೊಟ್ಟಣ ಕಟ್ಟಿ ಪಳಗಿದ ಕೈ. ಒಂದು ಸುಕ್ಕೂ ಉಳಿಯಲಿಲ್ಲ. ನರ್ಸು ಊಟ ಮುಗಿಸಿ ಬಂದು, "ಏನು ಪಂಡಿತರೇ, ಬೆವರಿದೀರಾ" ಎಂದಳು. "ಸೆಕೆ" ಎಂದರು.

ಸಂಜೆ ಹೆಂಡತಿ ಹೊಸ ಸೀಸೆಯ ಮೊದಲ ಚಮಚ ಬಾಯಿಗೆ ಹಾಕಿಕೊಂಡವಳು ನುಂಗದೆ ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ನುಂಗಿ, "ಇದು ಅದಲ್ಲ" ಎಂದಳು.

"ಯಾವುದಲ್ಲ?"

"ಹೋದ ತಿಂಗಳಿನದ್ದಲ್ಲ. ಇದು ನಮ್ಮ ಹಳೇ ಕಷಾಯ. ನಾನು ಎರಡು ವರ್ಷ ಕುಡಿದಿದ್ದು."

"ಹಾಗಾದ್ರೆ ಒಳ್ಳೇದೇ ಆಯ್ತಲ್ಲ. ನಮ್ಮದೇ, ಮೇಡಂ ಕೇಂದ್ರದಲ್ಲಿ ಏಳು ಪಟ್ಟು ಗಟ್ಟಿ ಮಾಡಿಸಿರೋದು."

"ಹೋದ ತಿಂಗಳಿನದ್ದೇ ಒಳ್ಳೇದಿತ್ತು ರೀ. ಅದರಲ್ಲಿ ಊತ ಇಳೀತಿತ್ತು. ನೀವು ಮೇಡಂನ ಒಂದು ಮಾತು ಕೇಳಿ ನೋಡಿ."

ಪಂಡಿತರಿಗೆ ಸಿಟ್ಟು ನೆತ್ತಿಗೇರಿತು. ಇಷ್ಟು ಮಾಡಿದ್ದು ಯಾರಿಗೋಸ್ಕರ? "ನಾಲ್ಕು ತಲೆಮಾರಿನವನು ನಾನಿದೀನಿ ಇಲ್ಲಿ" ಎಂದರು. "ಹಂಡೆ ತೊಳೆದೋಳಿಗೆಲ್ಲ ರುಚಿ ಗೊತ್ತಾಗೋ ಹಾಗಿದ್ರೆ ನಮ್ಮಂಥವರು ಯಾಕೆ ಬೇಕಿತ್ತು? ಕೊಟ್ಟಿದ್ದನ್ನ ಕುಡಿ."

ಅವಳು ಅವರ ಮುಖವನ್ನೇ ನೋಡಿದಳು. ಮೂವತ್ತು ವರ್ಷದಲ್ಲಿ ಸೌಟು ಗೀಟು ಎಂದು ತಮಾಷೆ ಮಾಡಿದ್ದರೇ ಹೊರತು ಹಂಡೆ ತೊಳೆಯುವವಳು ಎಂದಿರಲಿಲ್ಲ. ಎರಡನೇ ಚಮಚ ಸುರಿದುಕೊಂಡು ಕುಡಿದು, ಚಮಚ ತೊಳೆದಿಟ್ಟು, ಒಳಗೆ ಹೋದಳು.

ಮೂರನೇ ತಿಂಗಳಿಗೆ ಕಾಲು ಮತ್ತೆ ಊದಿತು. ಚಪ್ಪಲಿ ಮೂಲೆ ಸೇರಿತು. ನಾಲ್ಕನೇ ತಿಂಗಳಿಗೆ ಕಣ್ಣಿನ ಕೆಳಗೆ ನೀರು ತುಂಬಿಕೊಂಡಿತು, ಬಾಯಿ ಕಬ್ಬಿಣ ಕಬ್ಬಿಣ ಅನ್ನತೊಡಗಿತು, ಎರಡು ಮೆಟ್ಟಿಲು ಹತ್ತಿದರೆ ಮೇಲುಸಿರು. ಪಂಡಿತರು ಅದಕ್ಕೂ ಉತ್ತರ ಹುಡುಕಿದರು. ನಿಜವಾದ ಮದ್ದು ಮೊದಲು ದೋಷವನ್ನು ಕೆದಕಿ ಹೊರಗೆ ತರುತ್ತದೆ, ಆಮೇಲೆ ಶಮನ ಮಾಡುತ್ತದೆ ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರಿಗೆ ನಾಲ್ಕನೇ ಕಾಲು ಎದುರಿಗೇ ಬಂದು ಒದ್ದರೂ ಕಾಣುವುದಿಲ್ಲ.

ಆ ನಾಲ್ಕನೇ ಕಾಲು ತಿಂಗಳು ತಿಂಗಳೂ ಸೀಸೆಯ ಸೋಮವಾರ ಬಂದು ಒದೆಯುತ್ತಲೇ ಇತ್ತು. ದರ್ಜಿಯ ಮುಖದ ಊತ ಇಳಿದು ದವಡೆಯ ಮೂಳೆ ಕಾಣುತ್ತಿತ್ತು. "ಪಂಡಿತರೇ, ನನ್ನ ಅಂಗಿ ನಾನೇ ಅರ್ಧ ಇಂಚು ಒಳಗೆ ಹಿಡ್ಕೊಂಡೆ" ಎಂದು ಕತ್ತುಪಟ್ಟಿ ಎಳೆದು ತೋರಿಸಿದ. "ನನಗೆ ಬಿದ್ದಿರೋದು ನಿಜವಾದದ್ದೇ ಇರಬೇಕು, ಅಲ್ವಾ? ನೀವು ಹೇಳೋ ಹಾಗಿಲ್ಲ, ಬಿಡಿ, ನಿಮ್ಮ ಮುಖ ನೋಡಿದ್ರೇ ಗೊತ್ತಾಗುತ್ತೆ."

"ನಂಬಿಕೆ ಇಟ್ಕೊಂಡು ಕುಡೀರಿ" ಎಂದರು ಪಂಡಿತರು. ಪಾಪದವನು, ಡಮ್ಮಿ ಕುಡಿದು ಕುಣಿಯುತ್ತಿದ್ದಾನೆ ಎಂದುಕೊಂಡರು. ಅವನ ಬಗ್ಗೆ ಕನಿಕರವೂ ಪಟ್ಟರು.

ನಾಲ್ಕನೇ ತಿಂಗಳ ಕೊನೆಯಲ್ಲಿ ಹೆಂಡತಿ ಕಪಾಟಿನ ಹಿಂದಿನಿಂದ ಒಂದು ಸೀಸೆ ತೆಗೆದಳು. ಮೊದಲ ತಿಂಗಳಿನದು. ತಳದಲ್ಲಿ ನಾಲ್ಕು ಚಮಚ ಉಳಿದಿತ್ತು. "ಆಗ ಎರಡು ದಿನ ಕುಡಿಯೋದು ತಪ್ಪಿತ್ತು, ಇಟ್ಕೊಂಡಿದ್ದೆ" ಎಂದಳು. ಮಾತಾಡಲೂ ಅವಳು ಏದುತ್ತಿದ್ದಳು. "ಇದನ್ನ ಕುಡೀತೀನಿ. ನಾಲ್ಕು ಚಮಚದಲ್ಲಿ ಏನೂ ಆಗಲ್ಲ ಅಂತ ಗೊತ್ತು. ಮನಸ್ಸಿಗೆ ಸಮಾಧಾನ."

ಅವರು ಅದನ್ನು ಅವಳ ಕೈಯಿಂದ ಕಿತ್ತುಕೊಂಡು ಬಚ್ಚಲಿಗೆ ಸುರಿದರು. ಎರಡು ಮದ್ದು ಬೆರೆಸಿದರೆ ವಿಷವಾಗುತ್ತದೆ ಎಂದರು. ಅವಳು ಬಚ್ಚಲಿನ ಬಾಯಿಯಲ್ಲಿ ಕಂದು ನೀರು ಸುತ್ತಿ ಇಳಿದುಹೋಗುವುದನ್ನು ಕೊನೆಯ ತನಕ ನೋಡಿದಳು. ಅವತ್ತಿನಿಂದ ಮದ್ದಿನ ವಿಷಯ ಎತ್ತುವುದನ್ನೇ ಬಿಟ್ಟಳು. ಕೊಟ್ಟದ್ದನ್ನು ಕುಡಿದಳು. ಆರನೇ ತಿಂಗಳು ಮುಗಿದಾಗ ಆಸ್ಪತ್ರೆಯವರು ಹನ್ನೊಂದು ಎಂದರು; ಯಂತ್ರಕ್ಕೆ ತಡಮಾಡುವ ಹಾಗಿಲ್ಲ ಎಂದು ಸೂಜಿ ಚುಚ್ಚಲು ಅನುಕೂಲವಾಗುವಂತೆ ಅವಳ ಎಡಗೈಯಲ್ಲಿ ರಕ್ತನಾಳ ಕೂಡಿಸಿದರು. ಇಷ್ಟಾದರೂ ಪಂಡಿತರ ಮನಸ್ಸು, ಕಾಯಿಲೆ ಮದ್ದಿಗಿಂತ ಜೋರಾಗಿತ್ತು, ನಾವೇನು ಮಾಡಲು ಆಗುತ್ತದೆ ಎಂದು ಒಂದು ಮೂಲೆ ಹಿಡಿದು ಕೂತಿತ್ತು.

ಗುಟ್ಟು ಬಿಚ್ಚುವ ದಿನ ಮೇಡಂ ತಮ್ಮ ಕೋಣೆಗೆ ಕರೆದರು. ಪಂಡಿತರು ಆಕೆಯ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು.

"ಗೆದ್ದೆವು, ಪಂಡಿತರೇ. ನಿಮ್ಮ ಬೇರು ಗೆದ್ದಿದೆ." ಪರದೆಯ ಮೇಲೆ ಚುಕ್ಕಿಗಳ ಚಿತ್ರ. ನೀಲಿ ಚುಕ್ಕಿ ನಿಜವಾದ ಮದ್ದು ಕುಡಿದವರು, ಬೂದು ಚುಕ್ಕಿ ಡಮ್ಮಿಯವರು. ನೀಲಿ ಒಂದು ಬಿಟ್ಟು ಎಲ್ಲ ಮೇಲೆ, ಬೂದು ಒಂದು ಬಿಟ್ಟು ಎಲ್ಲ ಕೆಳಗೆ. "ಇಷ್ಟು ಸ್ಪಷ್ಟವಾಗಿ ಬರುತ್ತೆ ಅಂತ ನಾನೂ ಅಂದ್ಕೊಂಡಿರಲಿಲ್ಲ. ಮೇಲೇರಿರೋ ಆ ಒಂದು ಬೂದು ಚುಕ್ಕಿ ನಂಬಿಕೆಯ ಪರಿಣಾಮ ಅಂತ ಬಿಡಬಹುದು, ತೊಂದರೆ ಇನ್ನೊಂದರದ್ದು. ಇಲ್ಲಿ ನೋಡಿ, ಪಾತಾಳದಲ್ಲಿ ಒಂದು ನೀಲಿ ಚುಕ್ಕಿ. ಇದೊಂದು ಇಲ್ದೇ ಇದ್ದಿದ್ರೆ ಚಿತ್ರ ಎಷ್ಟು ಚೆನ್ನಾಗಿರ್ತಿತ್ತು. ಹೇಳೋಕೆ ಬೇಜಾರು, ಇದು ನಿಮ್ಮ ಮನೆಯವರದ್ದು."

"ನೀಲಿ ಹೇಗಾಗುತ್ತೆ?" ಎಂದರು ಪಂಡಿತರು. "ಮೂವತ್ತೊಂದು ಡಮ್ಮಿ."

"ಡಮ್ಮಿ ಅಲ್ಲ. ಮೊದಲ ದಿನದಿಂದ ನಿಜವಾದದ್ದೇ."

"ಅದರಲ್ಲಿ ಮಣ್ಣು ಇರಲಿಲ್ಲ" ಎಂದು ಪಂಡಿತರ ಬಾಯಿಂದ ಬಂದುಬಿಟ್ಟಿತು.

ಮೇಡಂ ನಗು ನಿಲ್ಲಿಸಿದರು. ಆದರೂ ಅಭ್ಯಾಸಬಲದಿಂದ ಪಾಠ ಹೇಳುವಂತೆ ಹೇಳಿದರು. "ಇರಲ್ಲ. ಬೇರಿನಲ್ಲಿರೋ ಕೆಲಸ ಮಾಡೋ ಅಂಶ ನೀರಿಗೆ ಬರೋದೇ ಇಲ್ಲ, ಪಂಡಿತರೇ, ಸ್ಪಿರಿಟ್ಟಿನಲ್ಲಿ ನೆನೆಸಿದ್ರೆ ಮಾತ್ರ ಬಿಡುತ್ತೆ. ಹಾಗೆ ಸಾರ ತೆಗೆದಾದ ಮೇಲೆ ಉಳಿಯೋ ಹಿಪ್ಪೆ ಇದೆಯಲ್ಲ, ಅದನ್ನೇ ನೀರಲ್ಲಿ ಕುದಿಸಿ ಡಮ್ಮಿ ಮಾಡಿದ್ವಿ. ಬಣ್ಣ, ವಾಸನೆ ಎಲ್ಲ ನಿಮ್ಮ ಕಷಾಯದ ಹಾಗೇ ಇರಲಿ ಅಂತ. ಅವತ್ತು ಪ್ರಯೋಗಾಲಯದಲ್ಲಿ ನಿಂತು ಇಷ್ಟನ್ನೂ ಹೇಳಿದೆನಲ್ಲ. ಹತ್ತು ಜನಕ್ಕೆ ಎರಡನ್ನೂ ಕುಡಿಸಿ ನೋಡಿದ್ವಿ, ಒಬ್ಬರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ."

ನೀರಿಗೆ ಬರುವುದಿಲ್ಲ. ನಾಲ್ಕು ತಲೆಮಾರು ನೀರಲ್ಲೇ ಕುದಿಸಿತ್ತು. ಪಂಡಿತರ ಮನೆಯ ಕಷಾಯವೂ ಡಮ್ಮಿಯೂ ಒಂದೇ ಆಗಿತ್ತು. ಅದನ್ನು ಗುರುತಿಸಲು ಬಲ್ಲ ನಾಲಿಗೆ ಪ್ರಪಂಚದಲ್ಲಿ ಎರಡೇ ಇದ್ದವು, ಅವರದು ಮತ್ತು ಹೆಂಡತಿಯದು; ಎರಡೂ ಸರಿಯಾಗಿಯೇ ಗುರುತಿಸಿದ್ದವು. ಬಿಸಿತುಪ್ಪದಂತೆ ಆ ಸತ್ಯ ಬಾಯಲ್ಲಿ ನಿಂತಿತು, ಉಗುಳಲೂ ಆಗದು, ನುಂಗಲೂ ಆಗದು. ಕೊನೆಗೆ ಉಗುಳಿದರು. ಮುಚ್ಚಳ ನೆಕ್ಕಿದ್ದು, ಕೆಟಲಿನ ಹಬೆ, ಹತ್ತು ಚೀಟಿ, ಐವತ್ತೆಂಟು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ಅವಳಿಗೆ ಈಗಲಾದ್ರೂ ನಿಜವಾದದ್ದು ಕೊಡಿ, ಮೇಡಂ. ನನ್ನನ್ನ ಏನು ಬೇಕಾದ್ರೂ ಮಾಡಿ" ಎಂದರು.

ಮೇಡಂ ಪರದೆಯಲ್ಲಿ ಮೂವತ್ತೊಂದನ್ನು ತೆರೆದು ತಿಂಗಳು ತಿಂಗಳಿನ ಅಂಕಿ ನೋಡಿದರು. "ಮೊದಲನೇ ತಿಂಗಳು ಮೂವತ್ತರಿಂದ ಮೂವತ್ತಾರು" ಎಂದರು. "ಇಡೀ ಗುಂಪಿನಲ್ಲಿ ಅಷ್ಟು ಬೇಗ ಏರಿದ್ದು ಇವರೊಬ್ಬರದೇ. ಆಮೇಲೆ ಯಾಕೆ ಬಿತ್ತು ಅಂತ ನಮಗೆ ಅರ್ಥವೇ ಆಗಿರಲಿಲ್ಲ." ಆಮೇಲೆ ಪರದೆ ಆರಿಸಿದರು. "ಈಗ ಕೊಟ್ಟು ಉಪಯೋಗ ಇಲ್ಲ. ಇದು ಇರೋದನ್ನ ಚೇತರಿಸೋ ಮದ್ದು. ಹನ್ನೊಂದರಲ್ಲಿ ಚೇತರಿಸೋಕೆ ಏನೂ ಉಳಿದಿಲ್ಲ."

"ಹಾಗಾದ್ರೆ ವರದಿಯಲ್ಲಾದರೂ..."

"ಪಂಡಿತರೇ, ಇದನ್ನ ಬರೆದ್ರೆ ನೀವು ಇನ್ನೆಷ್ಟು ಸೀಸೆ ಬದಲಾಯಿಸಿದೀರಿ ಅಂತ ಕೇಳ್ತಾರೆ. ಎಂಬತ್ತು ಜನರ ಆರು ತಿಂಗಳು ನೀರಿನಲ್ಲಿ ಹೋಮ. ನನ್ನ ಇಬ್ಬರು ವಿದ್ಯಾರ್ಥಿಗಳ ಪದವಿ ಇದರ ಮೇಲೆ ನಿಂತಿದೆ, ನಾಳೆ ಈ ಮದ್ದು ಸಿಕ್ಕಿದ್ರೆ ಬದುಕೋ ರೋಗಿಗಳಿದಾರೆ." ಎದ್ದು ಬಾಗಿಲು ತೆಗೆದು ಹಿಡಿದರು. "ನೀವು ಏನೂ ಹೇಳಲಿಲ್ಲ, ನಾನು ಏನೂ ಕೇಳಲಿಲ್ಲ. ನಿಮ್ಮ ಹೆಸರು ನನ್ನ ಹೆಸರಿನ ಪಕ್ಕದಲ್ಲೇ ಇರುತ್ತೆ, ನಾನು ಮಾತು ತಪ್ಪಲ್ಲ."

ಮಾತು ತಪ್ಪದವರು ಆ ಇಬ್ಬರಲ್ಲಿ ಆಕೆಯೊಬ್ಬರೇ ಆಗಿದ್ದರು.

ಯಂತ್ರದ ವಾರ್ಡು ಆಸ್ಪತ್ರೆಯ ಎರಡನೇ ಮಹಡಿಯಲ್ಲಿತ್ತು. ಆರು ಮಂಚ, ಆರು ಯಂತ್ರ, ಮಂಚಕ್ಕೊಂದು ಸ್ಟೂಲು. ಮಧ್ಯಾಹ್ನದ ಬಿಸಿಲು ಅರ್ಧ ಪರದೆಯಿಂದ ಒಳಗೆ ಬಿದ್ದಿತ್ತು. ಅವಳು ಕಿಟಕಿ ಕಡೆಯ ಮಂಚದಲ್ಲಿ ಎಡಗೈ ಚಾಚಿ ಮಲಗಿದ್ದಳು. ಕೊಳವೆಯೊಂದರಲ್ಲಿ ರಕ್ತ ಹೊರಗೆ ಹೋಗಿ ಇನ್ನೊಂದರಲ್ಲಿ ವಾಪಸು ಬರುತ್ತಿತ್ತು. ದಾರಿಯುದ್ದಕ್ಕೂ ಪಂಡಿತರು ಒಂದು ಸುಳ್ಳನ್ನು ಹದಮಾಡಿಕೊಂಡು ಬಂದಿದ್ದರು. ನಿನಗೆ ಮೊದಲಿನಿಂದ ಬಿದ್ದದ್ದು ಡಮ್ಮಿ, ಎಲ್ಲಾ ನಮ್ಮ ಹಣೆಬರಹ ಎಂದುಬಿಡುವುದು. ಅವಳೂ ನಂಬುತ್ತಾಳೆ, ತಾನೂ ಬದುಕಿಕೊಳ್ಳಬಹುದು.

"ಗೊತ್ತಾಯ್ತಾ?" ಎಂದಳು. "ನನ್ನದು ಯಾವುದಂತೆ?"

"ಡಮ್ಮಿ" ಎಂದರು.

"ಮೊದಲನೇ ತಿಂಗಳಿನದೂನಾ?"

ಅವರು ಸ್ಟೂಲಿನ ಮೇಲೆ ಕೂತರು. ಹದಮಾಡಿಕೊಂಡು ಬಂದ ಸುಳ್ಳು ಅಷ್ಟಕ್ಕೇ ಮುಗಿದಿತ್ತು. ಅವಳು ಅವರ ಕಡೆಗೇ ನೋಡುತ್ತಿದ್ದಳು, ಸಿಟ್ಟಿಲ್ಲದೆ, ಯಾವ ಅವಸರವೂ ಇಲ್ಲದೆ. ಅವಳಿಗೆ ಎಲ್ಲೂ ಹೋಗುವುದಿರಲಿಲ್ಲ. ಅವರು ತಲೆ ತಗ್ಗಿಸಿ, ಎಲ್ಲವನ್ನೂ ಎರಡನೇ ಸಲ ಹೇಳಿದರು. ಪಕ್ಕದ ಮಂಚದವರಿಗೆ ಕೇಳಬಾರದೆಂದು ಪಿಸುಗುಟ್ಟುತ್ತಾ ಹೇಳಿದರು.

ಮುಗಿದ ಮೇಲೆ ಕೇಳಿದಳು. "ನನ್ನದನ್ನ ಯಾರಿಗೆ ಕೊಟ್ರಿ?"

"ದರ್ಜಿಗೆ."

"ಅರ್ಧ ಇಂಚಿಗಾ? ಹೇಗಿದಾನೆ ಅವನು?"

"ಚೆನ್ನಾಗಿದಾನೆ. ಇಪ್ಪತ್ತೆಂಟರಿಂದ ಐವತ್ತಕ್ಕೆ ಬಂದಿದೆ."

ಯಂತ್ರ ಒಂದು ಸಲ ಕೂಗಿಕೊಂಡಿತು, ನರ್ಸು ಬಂದು ಗುಂಡಿ ಒತ್ತಿ ಹೋದಳು.

"ಒಳ್ಳೇದಾಯ್ತು" ಎಂದಳು ಆಮೇಲೆ. "ಮೂವತ್ತು ವರ್ಷದಲ್ಲಿ ನಿಮ್ಮ ಕೈಯಿಂದ ಬದುಕಿದೋನು ಒಬ್ಬನಾದ್ರೂ ಇದಾನಲ್ಲ."

ಹೇಳಿ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡಳು. ಪಂಡಿತರು ಎದ್ದು ಹೋಗಲಿಲ್ಲ, ಹೋಗುವ ಹಾಗೂ ಇರಲಿಲ್ಲ. ಅವಳ ಪಾಳಿ ಮುಗಿಯಲು ಇನ್ನೂ ಮೂರು ಗಂಟೆ ಬಾಕಿ ಇತ್ತು.